ಮನ್ಸೂರರಿಗೆ ಎಷ್ಟು ಮಿಲಿವ್ಯಾಟ್?

ಹೆಡ್‌ಫೋನಿಗೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾ ಬೇಡ್ವಾ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಹೆಡ್‌ಫೋನಿನ ಡಬ್ಬದ ಮೇಲೇ ಇರುತ್ತೆ. ಇನ್ನರ್ಧ ನೀವು ಕೇಳೋ ಹಾಡಿನಲ್ಲಿರುತ್ತೆ. ಅಂಗಡಿಯವರು ಮೊದಲನೇ ಅರ್ಧವನ್ನೇ ದೊಡ್ಡದು ಮಾಡಿ ಹೇಳ್ತಾರೆ, ಯೂಟ್ಯೂಬಿನ ವಿಮರ್ಶಕರು ಅದನ್ನೇ ಇನ್ನೂ ದೊಡ್ಡದು ಮಾಡ್ತಾರೆ. ಎರಡನೇ ಅರ್ಧದ ತಂಟೆಗೆ ಯಾರೂ ಹೋಗಲ್ಲ. "ನೀವು ರಾತ್ರಿ ಹನ್ನೊಂದಕ್ಕೆ ಕೂತು ಏನು ಕೇಳ್ತೀರಿ ಸಾರ್?" ಅಂತ ಇಲ್ಲಿವರೆಗೆ ಒಬ್ಬ ಸೇಲ್ಸ್‌ಮನ್ನೂ ನನ್ನನ್ನು ಕೇಳಿಲ್ಲ.

ನಾನು ಕೇಳೋದು ಮುಖ್ಯವಾಗಿ ಎರಡು. ಕೆಲಸದ ಹೊತ್ತಲ್ಲಿ ಸಿನಿಮಾ ಹಾಡು: ಹಂಸಲೇಖರಿಂದ ಹಿಡಿದು 'ಕೆಜಿಎಫ್'ನ ರವಿ ಬಸ್ರೂರುವರೆಗೆ, ಯಾವುದಾದ್ರೂ ಆದೀತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲ್ಲಿಕಾರ್ಜುನ ಮನ್ಸೂರ್. ಈ ಎರಡನೇದು ಅಪ್ಪಾಜಿಯಿಂದ ಬಂದ ಆಸ್ತಿ. ರೇಡಿಯೋದಲ್ಲಿ ಸಂಗೀತ ಸಮ್ಮೇಳನ ಬಂದಾಗಲೆಲ್ಲ ಟೇಪ್‌ರೆಕಾರ್ಡರ್ ಒತ್ತಿ ಹಿಡಿದಿಟ್ಟ ನಲವತ್ತು ಚಿಲ್ಲರೆ ಕ್ಯಾಸೆಟ್ಟುಗಳು. ಅವನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೀನಿ. ಹೆಡ್‌ಫೋನು ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ಲು, ಸಂಗೀತ ಕೇಳೋರ ಬಾಯಲ್ಲಿ ಇವತ್ತಿಗೂ ಅದರ ಹೆಸರಿದೆ.

ಇದೇ ಹೆಡ್‌ಫೋನನ್ನು ಜ್ಯಾಕ್ ಇರೋ ನನ್ನ ಹಳೇ ಫೋನಿಗೆ ಸಿಕ್ಕಿಸಿ ಸಿನಿಮಾ ಹಾಡು ಹಾಕಿದ್ರೆ ವಾಲ್ಯೂಮು ಮುಕ್ಕಾಲಿಗೇ ಸಾಕೆನಿಸುತ್ತೆ. ಮನ್ಸೂರರನ್ನು ಹಾಕಿದ್ರೆ ಪೂರ್ತಿ ಏರಿಸಿದ್ರೂ ಪಕ್ಕದ ಮನೆಯಲ್ಲಿ ಯಾರೋ ಹಾಡ್ತಿರೋ ಹಾಗೆ. ಅದೇ ಫೋನು, ಅದೇ ಹೆಡ್‌ಫೋನು, ಅದೇ ಕಿವಿ. ಈ ಒಂದು ವ್ಯತ್ಯಾಸ ಅರ್ಥವಾದ್ರೆ ಆಂಪ್ ಆರಿಸೋ ವಿದ್ಯೆ ಮುಕ್ಕಾಲು ಬಂದ ಹಾಗೆ.

ಡಬ್ಬದ ಮೇಲಿನ ಅರ್ಧ ಮೊದಲು ನೋಡೋಣ. ಅಲ್ಲಿ ಎರಡು ಸಂಖ್ಯೆ ಮುಖ್ಯ. ಒಂದು ಇಂಪೀಡೆನ್ಸ್, ಅಂದ್ರೆ ಹೆಡ್‌ಫೋನು ಕರೆಂಟಿಗೆ ಒಡ್ಡೋ ತಡೆ, ಓಮ್ ಲೆಕ್ಕದಲ್ಲಿ. ಇನ್ನೊಂದು ಸೆನ್ಸಿಟಿವಿಟಿ, ಅಂದ್ರೆ ಒಂದು ಮಿಲಿವ್ಯಾಟ್ ಕೊಟ್ರೆ ಎಷ್ಟು ಡೆಸಿಬಲ್ ಸದ್ದು ಹೊರಡುತ್ತೆ ಅನ್ನೋದು. ಎಚ್‌ಡಿ 600ಕ್ಕೆ 300 ಓಮ್, 97 ಡೆಸಿಬಲ್. ಎಷ್ಟೋ ಆಫೀಸುಗಳ ಮೇಜಿನ ಮೇಲೆ ಕಾಣೋ ಆಡಿಯೋ-ಟೆಕ್ನಿಕಾ ಎಂ50ಎಕ್ಸ್‌ಗೆ 38 ಓಮ್, 99 ಡೆಸಿಬಲ್.

ಒಂದು ಎಚ್ಚರ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟಿಗೆ ಇಷ್ಟು ಅಂತ ಬರೀತಾರೆ, ಕೆಲವರು ವೋಲ್ಟಿಗೆ ಇಷ್ಟು ಅಂತ. ಎರಡೂ ಬೇರೆ ಬೇರೆ ಅಳತೆ. ಎಚ್‌ಡಿ 600 ಮಿಲಿವ್ಯಾಟ್ ಲೆಕ್ಕದಲ್ಲಿ 97 ಆದ್ರೆ ವೋಲ್ಟ್ ಲೆಕ್ಕದಲ್ಲಿ ಸುಮಾರು 102. ಸೇರಿನ ಲೆಕ್ಕವನ್ನು ಕೆಜಿ ಲೆಕ್ಕದ ಪಕ್ಕ ಇಟ್ಟು ಹೋಲಿಸಬೇಡಿ.

ಈ 300 ಮತ್ತು 38ರ ಅಂತರ ಎಲ್ಲಿಂದ ಬಂತು? ಹಿಂದೆ ಹೆಡ್‌ಫೋನು ಬಳಸ್ತಿದ್ದದ್ದು ಸ್ಟುಡಿಯೋದವರು, ಮನೇಲಿ ದೊಡ್ಡ ಆಂಪ್ ಇಟ್ಟುಕೊಂಡವರು. ಅಲ್ಲಿ ವೋಲ್ಟೇಜಿಗೆ ಬರ ಇರಲಿಲ್ಲ, 600 ಓಮ್ ಆದ್ರೂ ನಡೀತಿತ್ತು. 1979ರಲ್ಲಿ ಸೋನಿ ವಾಕ್‌ಮನ್ ಬಂತು, ಎರಡು ಪೆನ್ ಸೆಲ್ಲಿನ ಮೇಲೆ ಓಡೋ ಯಂತ್ರ. ಎರಡು ಸೆಲ್ ಸೇರಿದ್ರೆ ಮೂರು ವೋಲ್ಟು, ಅದರಲ್ಲಿ ಹೆಡ್‌ಫೋನಿನ ಪಾಲಿಗೆ ಬರೋದು ಇನ್ನೂ ಕಡಿಮೆ. ಅಷ್ಟರಲ್ಲೇ ಸದ್ದು ಹೊರಡಬೇಕು ಅಂದ್ರೆ ಓಮ್ ಇಳೀಲೇಬೇಕು. ಜೇಬಿನಲ್ಲಿಟ್ಟುಕೊಂಡು ಓಡಾಡೋ ಯಂತ್ರಕ್ಕೆ ಅಂತ ಮಾಡಿದ ಹೆಡ್‌ಫೋನುಗಳೆಲ್ಲ ಇವತ್ತಿಗೂ 16, 32 ಓಮಿನ ಸುತ್ತ ಸುತ್ತುತ್ತಿರೋದು ಅದಕ್ಕೇ.

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಲೆಕ್ಕ ಹೇಳಿಕೊಡೋದು ಸುಲಭ. ವೋಲ್ಟೇಜು ಅಂದ್ರೆ ಓವರ್‌ಹೆಡ್ ಟ್ಯಾಂಕಿನ ಎತ್ತರ. ಕರೆಂಟು ಅಂದ್ರೆ ನಲ್ಲಿಯಲ್ಲಿ ಬರೋ ನೀರು. 300 ಓಮಿನ ಹೆಡ್‌ಫೋನು ಸಣ್ಣ ಪೈಪು: ನೀರು ಹೆಚ್ಚು ಬೇಡ, ಟ್ಯಾಂಕು ಎತ್ತರದಲ್ಲಿರಬೇಕು. ಓಮೂ ಕಡಿಮೆ, ಸೆನ್ಸಿಟಿವಿಟಿಯೂ ಕಡಿಮೆ ಇರೋ ಹೆಡ್‌ಫೋನು ಸ್ನಾನದ ಮನೆಯ ದಪ್ಪ ನಲ್ಲಿ: ಎತ್ತರವೂ ಬೇಕು, ಬಕೀಟು ತುಂಬೋಷ್ಟು ನೀರೂ ಬೇಕು.

ಸಂಖ್ಯೆಯಲ್ಲಿ ಹೇಳೋದಾದ್ರೆ, ಸಂಗೀತದ ಅತಿ ಜೋರಿನ ಕ್ಷಣಕ್ಕೆ 110 ಡೆಸಿಬಲ್ ಸಿಗಬೇಕು ಅಂತ ಇಟ್ಕೊಳ್ಳಿ. ಎಚ್‌ಡಿ 600ಕ್ಕೆ ಬೇಕಾಗೋದು 20 ಮಿಲಿವ್ಯಾಟ್, ಸುಮಾರು ಎರಡೂವರೆ ವೋಲ್ಟು, 8 ಮಿಲಿಆಂಪ್ ಕರೆಂಟು. ಹೈಫೈಮನ್ ಕಂಪನಿಯ ಎಚ್‌ಇ-6 ಅಂತ ಒಂದಿತ್ತು, ಪ್ಲೇನಾರ್ ಜಾತಿಯದ್ದು, 50 ಓಮ್, 83.5 ಡೆಸಿಬಲ್. ಅದಕ್ಕೆ ಅದೇ ಸದ್ದಿಗೆ ಸುಮಾರು 450 ಮಿಲಿವ್ಯಾಟ್, ಐದು ವೋಲ್ಟಿನ ಹತ್ತಿರ, 95 ಮಿಲಿಆಂಪ್. ಜನ ಅದನ್ನು ಸ್ಪೀಕರ್ ಆಂಪಿಗೇ ಜೋಡಿಸಿ ಕೇಳ್ತಿದ್ರು. ಓಮ್ ನೋಡಿದ್ರೆ ಎಚ್‌ಇ-6 ಸುಲಭ ಅನಿಸುತ್ತೆ, ಎಚ್‌ಡಿ 600 ಕಷ್ಟ ಅನಿಸುತ್ತೆ. ನಿಜ ಸಂಗತಿ ಉಲ್ಟಾ. ಹಾಗಾಗಿ "ಓಮ್ ಜಾಸ್ತಿ ಇದ್ರೆ ದೊಡ್ಡ ಆಂಪ್ ಬೇಕು" ಅನ್ನೋದು ಅರ್ಧ ಸತ್ಯ.

ಇನ್ನೊಂದು ಮಾತು: 20 ಮಿಲಿವ್ಯಾಟ್ ಅಂದ್ರೆ ಏನೂ ಅಲ್ಲ. ಒಂದು ಪುಟ್ಟ ಕೆಂಪು ಎಲ್‌ಇಡಿ ಪೂರ್ತಿ ಬೆಳಗೋಕೆ ಇದರ ಎರಡರಷ್ಟು ಬೇಕು. "ಎರಡು ವ್ಯಾಟ್ ಪವರ್ ಸಾರ್" ಅಂತ ಯಾರಾದ್ರೂ ಡಬ್ಬ ತೋರಿಸಿದ್ರೆ ನನಗೆ ನೆನಪಾಗೋದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿರೋ ಐನೂರು ಸಿಸಿ ಬೈಕು.

ಈಗ ಹಾಡಿನ ಅರ್ಧಕ್ಕೆ ಬರೋಣ. ನನ್ನ ಫೋನಿನ ಜ್ಯಾಕನ್ನು ಅಳೆದು ನೋಡಿದ್ದೀನಿ, ಪೂರ್ತಿ ವಾಲ್ಯೂಮಿನಲ್ಲಿ ಅರ್ಧ ವೋಲ್ಟು ಬರುತ್ತೆ. ಅಷ್ಟು ಕೊಟ್ರೆ ಎಚ್‌ಡಿ 600 ಗರಿಷ್ಠ 96 ಡೆಸಿಬಲ್ ಮುಟ್ಟುತ್ತೆ. ಇವತ್ತಿನ ಸಿನಿಮಾ ಹಾಡನ್ನು ಮಿಕ್ಸ್ ಮಾಡೋವಾಗ ಎಲ್ಲವನ್ನೂ ಒತ್ತಿ ಒತ್ತಿ ಮೇಲಿನ ಅಂಚಿಗೆ ತಂದಿರ್ತಾರೆ. ಹಾಡಿನ ಸರಾಸರಿ ಮಟ್ಟ ಅದರ ಗರಿಷ್ಠಕ್ಕಿಂತ ಹತ್ತು ಡೆಸಿಬಲ್ ಕೆಳಗಿದ್ರೆ ಹೆಚ್ಚು. ಅಂದ್ರೆ ಕಿವಿಗೆ ಬೀಳೋ ಸರಾಸರಿ 86. ಧಾರಾಳ ಸದ್ದು.

ಅಪ್ಪಾಜಿಯ ಕ್ಯಾಸೆಟ್ಟಿನ ಕಥೆ ಬೇರೆ. ಖಯಾಲಿನಲ್ಲಿ ವಿಲಂಬಿತದ ಮೊದಲ ಹತ್ತು ನಿಮಿಷಕ್ಕೂ ಕೊನೆಯ ದ್ರುತ್ ತಾನುಗಳಿಗೂ ಅಜಗಜಾಂತರ. ಸರಾಸರಿ ಇಪ್ಪತ್ತು ಡೆಸಿಬಲ್ ಕೆಳಗೆ ಇರುತ್ತೆ. ಮೇಲಾಗಿ, ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವಾಗ ಸದ್ದು ಒಡೀಬಾರದು ಅಂತ ಹತ್ತು ಡೆಸಿಬಲ್ ಜಾಗ ಬಿಟ್ಟಿದ್ದೆ. 96ರಲ್ಲಿ ಮೂವತ್ತು ಕಳೀರಿ. 66. ಎದುರು ಕೂತವರು ಮೆಲ್ಲಗೆ ಮಾತಾಡಿದ ಸದ್ದಿಗಿಂತ ಸ್ವಲ್ಪ ಮೇಲೆ, ಅದೂ ಫೋನು ಪೂರ್ತಿ ಏರಿಸಿದಾಗ. ಫ್ಯಾನು ತಿರುಗ್ತಿರೋ ಕೋಣೆಯಲ್ಲಿ ಷಡ್ಜ ಹಚ್ಚಿ ನಿಲ್ಲೋ ಆ ಉಸಿರು ಕೇಳಿಸೋದಿಲ್ಲ.

ಇದನ್ನು 78-80ಕ್ಕೆ ತರಬೇಕು ಅಂದ್ರೆ ಅರ್ಧ ವೋಲ್ಟು ಎರಡೂವರೆ ವೋಲ್ಟಾಗಬೇಕು. ನನಗೆ ಆಂಪ್ ಬೇಕಾದದ್ದು ಇಷ್ಟಕ್ಕೇ, ಮನ್ಸೂರರಿಗೋಸ್ಕರ. ಸಿನಿಮಾ ಹಾಡಷ್ಟೇ ಕೇಳ್ತಿದ್ರೆ ಇದೇ ದುಬಾರಿ 300 ಓಮ್ ಹೆಡ್‌ಫೋನಿಗೂ ನಾನು ಆಂಪ್ ಕೊಳ್ತಿರಲಿಲ್ಲ.

ನಿಮ್ಮದು ಎಂ50ಎಕ್ಸ್ ಆದ್ರೆ ಅದೇ ಅರ್ಧ ವೋಲ್ಟಿಗೆ 107 ಡೆಸಿಬಲ್ ಬರುತ್ತೆ. ನೀವು ಮನ್ಸೂರರನ್ನೂ ಕೇಳಬಹುದು, ಭೀಮಸೇನರನ್ನೂ ಕೇಳಬಹುದು, ಫೋನೇ ಸಾಕು. ಬ್ಲೂಟೂತ್ ಹೆಡ್‌ಫೋನ್ ಆದ್ರೆ ಈ ಮಾತುಕತೆಯೇ ಬೇಡ. ಅದರ ಹೊಟ್ಟೆಯಲ್ಲೇ ಅದಕ್ಕೆ ತಕ್ಕ ಆಂಪ್ ಕೂತಿದೆ. ಹೊರಗಿಂದ ಇನ್ನೊಂದು ಸೇರಿಸೋದು ರೈಲಿನೊಳಗೆ ಓಡಿದ ಹಾಗೆ.

ಫೋನಿನಲ್ಲಿ ಜ್ಯಾಕೇ ಇಲ್ಲ ಅನ್ನೋರಿಗೆ ಡಾಂಗಲ್ ಇದೆ. ಹೆಬ್ಬೆರಳಿಗಿಂತ ಚಿಕ್ಕ ಆ ತುಂಡಿನಲ್ಲೇ ಡ್ಯಾಕೂ ಇದೆ, ಆಂಪೂ ಇದೆ. ಆಪಲ್‌ನ ಟೈಪ್-ಸಿ ಡಾಂಗಲ್ಲಿನ ಅಮೆರಿಕದ ಮಾದರಿ ಒಂದು ವೋಲ್ಟು ಕೊಡುತ್ತೆ, ಯುರೋಪಿನ ಮಾದರಿ ಅರ್ಧ ವೋಲ್ಟು. ಕೆಲವು ಆಂಡ್ರಾಯ್ಡ್ ಫೋನುಗಳಿಗೆ ಹಾಕಿದ್ರೆ ಸದ್ದು ಇನ್ನೂ ಕಮ್ಮಿಯಾಗುತ್ತೆ, ಅದನ್ನು ನೋಡಿಕೊಂಡು ತಗೊಳ್ಳಿ. ಸುಮಾರು ಜನರ ಹುಡುಕಾಟ ಇಂಥ ಒಂದು ಡಾಂಗಲ್ಲಿಗೇ ಮುಗಿಯಬೇಕು.

ಮುಗಿಯೋದಿಲ್ಲ ಯಾಕೆ ಅಂದ್ರೆ, ಆಂಪು ಸದ್ದು ಹೆಚ್ಚಿಸೋದಷ್ಟೇ ಅಲ್ಲ, ಸಂಗೀತವನ್ನೇ ಚೆಂದ ಮಾಡುತ್ತೆ ಅನ್ನೋ ನಂಬಿಕೆ. "ಸೌಂಡ್‌ಸ್ಟೇಜ್ ತೆರೆದುಕೊಳ್ಳುತ್ತೆ", "ವೇಲ್ ಎತ್ತಿದ ಹಾಗಾಗುತ್ತೆ" ಅಂತೆಲ್ಲ. ಈ ವಿಷಯದಲ್ಲಿ ನನಗೆ ಇಷ್ಟವಾದ ಕಥೆ ಒಬ್ಬ ಅನಾಮಿಕನದ್ದು. ಎನ್‌ಡಬ್ಲ್ಯೂಎವಿಗೈ ಅನ್ನೋ ಹೆಸರಲ್ಲಿ ಬರೀತಿದ್ದ ಒಬ್ಬ ಎಂಜಿನಿಯರು. ಒಳ್ಳೇ ಆಂಪಿಗೆ ಸಾವಿರಾರು ಡಾಲರ್ ಬೇಕಿಲ್ಲ, ಅಳತೆಯಲ್ಲಿ ಶುದ್ಧವಾಗಿರೋ ಎರಡು ಆಂಪುಗಳನ್ನು ಕಿವಿ ಬೇರೆ ಮಾಡಿ ಗುರುತಿಸಲಾರದು ಅಂತ ಅವನ ವಾದ. ಬರೀ ವಾದ ಮಾಡದೆ 2011ರಲ್ಲಿ ಓ2 ಅನ್ನೋ ಆಂಪನ್ನು ತಾನೇ ವಿನ್ಯಾಸ ಮಾಡಿ, ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟ: ಯಾರು ಬೇಕಾದ್ರೂ ಮಾಡಿ, ಮಾರಿ, ನಕ್ಷೆ ಮಾತ್ರ ಬದಲಾಯಿಸಬೇಡಿ. ಬಿಡಿಭಾಗಕ್ಕೆ ಸುಮಾರು ಮೂವತ್ತು ಡಾಲರ್ ಆಗ್ತಿತ್ತು. 2012ರಲ್ಲಿ ಅವನ ಬರವಣಿಗೆ ನಿಂತುಹೋಯ್ತು. ಯಾರು, ಎಲ್ಲಿಯವನು ಅಂತ ಇವತ್ತಿಗೂ ಬಹಿರಂಗವಾಗಿಲ್ಲ. ಹಣ ಬೇಡ, ಹೆಸರೂ ಬೇಡ ಅಂದ ಮನುಷ್ಯ.

ನನ್ನ ಮೇಜಿನ ಮೇಲಿರೋದು ಅವನ ಓ2. ಬೋರ್ಡು ತರಿಸಿಕೊಂಡು, ರೆಸಿಸ್ಟರು ಕೆಪಾಸಿಟರುಗಳನ್ನು ಎಸ್.ಪಿ. ರೋಡಿನಲ್ಲಿ ಹುಡುಕಿ ಬೆಸುಗೆ ಹಾಕಿದ್ದು. ಅದರಲ್ಲಿ ಗೇನ್ ಅಂತ ಒಂದು ಗುಂಡಿ ಇದೆ, ಮೂಲ ನಕ್ಷೆಯಲ್ಲಿ ಎರಡು ಹಂತ: ಬಂದ ವೋಲ್ಟೇಜನ್ನು ಎರಡೂವರೆ ಪಟ್ಟು ಮಾಡೋದು, ಅಥವಾ ಆರೂವರೆ ಪಟ್ಟು. ಅರ್ಧ ವೋಲ್ಟು ಆರೂವರೆ ಪಟ್ಟಾದ್ರೆ ಮೂರೂಕಾಲು. ನನ್ನ ಲೆಕ್ಕಕ್ಕೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ.

ಅವನ ವಾದ ನನ್ನ ಕಿವಿಗೂ ಒಪ್ಪುತ್ತಾ ನೋಡೋಣ ಅಂತ ಒಂದು ಭಾನುವಾರ ಪರೀಕ್ಷೆ ಇಟ್ಕೊಂಡೆ. ಸಹೋದ್ಯೋಗಿ ಒಬ್ಬ ನನ್ನದಕ್ಕಿಂತ ಹತ್ತು ಪಟ್ಟು ಬೆಲೆಯ ಆಂಪನ್ನು ಕೊಟ್ಟಿದ್ದ. ಹೆಂಡತಿ ಸ್ವಿಚ್ಚು ಬದಲಾಯಿಸಬೇಕು, ನಾನು ಬೆನ್ನು ತಿರುಗಿಸಿ ಕೂತು ಯಾವುದು ಯಾವುದು ಅಂತ ಹೇಳಬೇಕು.

ಇಲ್ಲಿ ಒಂದು ಗುಟ್ಟಿದೆ. ಎರಡು ಆಂಪುಗಳ ಸದ್ದಿನ ಮಟ್ಟ ಒಂದೇ ಇಲ್ಲದಿದ್ರೆ ಪರೀಕ್ಷೆಗೆ ಮೂರು ಕಾಸಿನ ಬೆಲೆ ಇಲ್ಲ. ಚೂರೇ ಚೂರು ಜೋರಿರೋದು ನಮಗೆ ಜೋರು ಅನಿಸಲ್ಲ, "ಚೆನ್ನಾಗಿದೆ" ಅನಿಸುತ್ತೆ. ಮಟ್ಟ ಇಳಿದಂತೆ ಕೆಳಗಿನ ಸ್ವರಗಳು ನಮ್ಮ ಕಿವಿಗೆ ಬೇಗ ಕಳೆದುಹೋಗ್ತವೆ ಅನ್ನೋದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ರು. ಅಂಗಡಿಯಲ್ಲಿ ದುಬಾರಿ ಆಂಪು ಒಂದು ಕೂದಲೆಳೆ ಜೋರಾಗಿದ್ರೆ ಸಾಕು, ಅದು ಗೆದ್ದೇ ಗೆಲ್ಲುತ್ತೆ. ಹಾಗಾಗಿ 400 ಹರ್ಟ್ಜಿನ ಒಂದು ಸದ್ದು ನುಡಿಸಿ, ಹೆಡ್‌ಫೋನು ಜೋಡಿಸಿದ ಸ್ಥಿತಿಯಲ್ಲೇ ಎರಡೂ ಆಂಪಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಸರಿದೂಗಿಸಬೇಕು, ವ್ಯತ್ಯಾಸ ಶೇಕಡಾ ಎರಡರೊಳಗೆ ಬರೋ ಹಾಗೆ. ಎಲ್ಲ ಕಡೆ ಸಿಗೋ ಅಗ್ಗದ ಹಳದಿ ಮಲ್ಟಿಮೀಟರಿನಲ್ಲಿ ಇದಾಗಲ್ಲ, ಎಸಿಯಲ್ಲಿ ಮಿಲಿವೋಲ್ಟ್ ತೋರಿಸೋದು ಬೇಕು.

ಹದಿನಾರು ಸಲ ಬದಲಾಯಿಸಿದ್ದಳು. ನಾನು ಒಂಬತ್ತು ಸಲ ಸರಿ ಹೇಳಿದ್ದೆ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. "ಇದಕ್ಕೆ ಒಂದು ಭಾನುವಾರ ಪೂರ್ತಿ ಬೇಕಿತ್ತಾ?" ಅಂತ ಅವಳು. "ಹತ್ತು ಪಟ್ಟು ದುಡ್ಡು ಉಳೀತಲ್ಲೇ" ಅಂತ ನಾನು.

ಹಾಗಾದ್ರೆ ಎಲ್ಲ ಆಂಪೂ ಒಂದೇನಾ? ಅಲ್ಲ. ಅಭಿರುಚಿಗೆ ಜಾಗ ಇರೋದು ಇಲ್ಲೇ. ನಮ್ಮ ಟೀಮಿನ ಹಿರಿಯ ಗೆಳೆಯರೊಬ್ಬರ ಹತ್ತಿರ ಬಾಟಲ್‌ಹೆಡ್ ಕ್ರ್ಯಾಕ್ ಅನ್ನೋ ಟ್ಯೂಬ್ ಆಂಪ್ ಇದೆ, ಕಿಟ್ ತರಿಸಿ ಅವರೇ ಜೋಡಿಸಿದ್ದು. ಎರಡು ಗಾಜಿನ ವಾಲ್ವು, ಹಳೇ ಕಾಲದ ರೇಡಿಯೋ ಹೊತ್ತಿಕೊಂಡ ಹಾಗೆ ಕೆಂಪಗೆ ಬೆಳಗುತ್ತೆ, ಪಕ್ಕದಲ್ಲಿ ಕೈಯಿಟ್ಟರೆ ಬಿಸಿ. ಅದನ್ನೂ ಅದೇ ಪರೀಕ್ಷೆಗೆ ಹಚ್ಚಿದೆವು. ಈ ಸಲ ಹದಿನಾರಕ್ಕೆ ಹದಿನಾಲ್ಕು ಸರಿ.

ಕಾರಣ ಗಾಜಿನ ಮಾಯೆ ಅಲ್ಲ, ಬಹುಪಾಲು ಒಂದು ಸಂಖ್ಯೆ: ಔಟ್‌ಪುಟ್ ಇಂಪೀಡೆನ್ಸ್. ಆಂಪಿಗೂ ತನ್ನದೇ ಒಂದು ಒಳತಡೆ ಇರುತ್ತೆ. ಓ2ದಲ್ಲಿ ಅದು ಅರ್ಧ ಓಮ್, ಕ್ರ್ಯಾಕ್‌ನಲ್ಲಿ ಸುಮಾರು 120. ಇತ್ತ ಹೆಡ್‌ಫೋನಿನ 300 ಓಮ್ ಅನ್ನೋದೂ ಎಲ್ಲ ಸ್ವರಕ್ಕೂ ಒಂದೇ ಅಲ್ಲ. ಎಚ್‌ಡಿ 600ರಲ್ಲಿ 100 ಹರ್ಟ್ಜಿನ ಆಸುಪಾಸಿನಲ್ಲಿ ಅದು ಐನೂರು ದಾಟುತ್ತೆ. ಆಂಪಿನ ಒಳತಡೆ ದೊಡ್ಡದಿದ್ರೆ ತಡೆ ಹೆಚ್ಚಿರೋ ಆ ಜಾಗಕ್ಕೆ ಪಾಲು ಜಾಸ್ತಿ ಹೋಗುತ್ತೆ. ಲೆಕ್ಕ ಹಾಕಿದ್ರೆ 100 ಹರ್ಟ್ಜಿನ ಸುತ್ತ ಒಂದು ಡೆಸಿಬಲ್‌ನಷ್ಟು ಉಬ್ಬು. ಅದರ ಮೇಲೆ ಟ್ಯೂಬು ತಾನೂ ಚೂರು ಬಣ್ಣ ಬೆರೆಸುತ್ತೆ.

ಒಂದು ಡೆಸಿಬಲ್ ಕೇಳೋಕೆ ಅಲ್ಪ. ಆದ್ರೆ ತಬಲಾದ ಎಡದ ಗುಮುಕು, ಗಂಡು ಕಂಠದ ಮಂದ್ರ ಇರೋದು ಅದೇ ಓಣಿಯಲ್ಲಿ. ಹಳೇ ಕ್ಯಾಸೆಟ್ಟುಗಳಲ್ಲಿ ಅದೇ ಭಾಗ ತೆಳ್ಳಗಾಗಿರುತ್ತೆ. ಆ ಆಂಪಿನಲ್ಲಿ ಮನ್ಸೂರರ ದನಿಗೆ ಮೈ ಕೈ ತುಂಬಿಕೊಂಡ ಹಾಗಿತ್ತು, ನನಗೆ ನಿಜಕ್ಕೂ ಹಿತವಾಯ್ತು. 'ಕೆಜಿಎಫ್' ಹಾಕಿದಾಗ ಮಾತ್ರ ಮೊದಲೇ ತುಂಬಿದ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ ಹಾಗಾಯ್ತು. ಶುದ್ಧವಾದ ಆಂಪು ಬೇಕಾ, ಬಣ್ಣ ಬೆರೆಸೋದು ಬೇಕಾ ಅನ್ನೋದಕ್ಕೆ ಸರಿ ತಪ್ಪು ಇಲ್ಲ. ಏನು ಕೇಳ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಅದೇ ಉಬ್ಬನ್ನು ಈಕ್ವಲೈಜರಿನಲ್ಲಿ ಬಿಟ್ಟಿಯಾಗಿ ಪಡೀಬಹುದು, ಬೇಡವಾದಾಗ ತೆಗೀಬಹುದು ಅನ್ನೋದು ನನ್ನ ಪಕ್ಷ. "ಈಕ್ವಲೈಜರು ಕೆಂಪಗೆ ಬೆಳಗುತ್ತೇನಯ್ಯಾ?" ಅನ್ನೋದು ಗೆಳೆಯರ ಪಕ್ಷ. ಅವರ ಮಾತೂ ಸರಿ.

ಆದ್ರೆ ಈ ಆಟ ಎಲ್ಲ ಹೆಡ್‌ಫೋನಿಗೂ ಆಗಿಬರಲ್ಲ. ಒಂದು ಹೆಬ್ಬೆರಳ ಲೆಕ್ಕ ಇಟ್ಕೊಳ್ಳಿ: ಆಂಪಿನ ಒಳತಡೆ ಹೆಡ್‌ಫೋನಿನ ಓಮಿನ ಎಂಟನೇ ಒಂದು ಭಾಗದೊಳಗಿದ್ರೆ ದನಿ ಬದಲಾಗಲ್ಲ. 300 ಓಮಿಗೆ 37ರವರೆಗೆ ನಡೆಯುತ್ತೆ, 32 ಓಮಿಗೆ ನಾಲ್ಕು, 16 ಓಮಿನ ಇಯರ್‌ಫೋನಿಗೆ ಎರಡೇ ಎರಡು. ಕ್ರ್ಯಾಕ್‌ಗೆ 16 ಓಮಿನದ್ದನ್ನು ಸಿಕ್ಕಿಸಿದ್ರೆ ಬಣ್ಣ ಅಲ್ಲ, ಮಸಿ ಬಳಿದ ಹಾಗೆ. ಟ್ಯೂಬು ಆಸೆಯಾಗಿದ್ರೆ ಮೊದಲು 250 ಅಥವಾ 300 ಓಮಿನ ಹೆಡ್‌ಫೋನಿರಲಿ.

ಮೆಟ್ರೋದಲ್ಲಿ ಕಿವಿಯೊಳಗೆ ತೂರಿಸೋ ಇಯರ್‌ಫೋನ್ ಹಾಕಿಕೊಳ್ಳೋರ ಕಷ್ಟ ಇನ್ನೊಂದು ಥರ. ಅವಕ್ಕೆ ಪವರು ಹೆಚ್ಚಾದ್ರೇ ತೊಂದರೆ. ಸೆನ್ಸಿಟಿವಿಟಿ 110 ದಾಟಿದ್ರೆ ಬಲಶಾಲಿ ಆಂಪಿನ ಒಳಗಿನ ಸುಯ್ ಸದ್ದೂ ಕಿವಿಗೆ ಬೀಳುತ್ತೆ. ವಾಲ್ಯೂಮಿನ ತಿರುಪು ಶುರುವಿನ ಜಾಗದಲ್ಲೇ ಇರಬೇಕಾಗುತ್ತೆ, ಆ ಜಾಗದಲ್ಲಿ ಅಗ್ಗದ ತಿರುಪುಗಳು ಎಡಕ್ಕೊಂದು ಬಲಕ್ಕೊಂದು ಸದ್ದು ಕೊಡ್ತವೆ. ಅವರಿಗೆ ಬೇಕಾದ್ದು ಗೇನ್ ಕಡಿಮೆ ಇರೋ, ಸದ್ದಿಲ್ಲದ ಸಣ್ಣ ಡಾಂಗಲ್ಲು. ನನ್ನ ಕ್ಯಾಸೆಟ್ಟಿಗೆ ಈ ನಿಶ್ಶಬ್ದದ ಚಿಂತೆಯೇ ಇಲ್ಲ. ಟೇಪಿನ ಸುಯ್ ಸದ್ದೇ ಇಂದಿನ ಯಾವ ಆಂಪಿನದ್ದಕ್ಕಿಂತಲೂ ಎಷ್ಟೋ ಪಾಲು ದೊಡ್ಡದು. ಅದಕ್ಕೆ 120 ಡೆಸಿಬಲ್ ಶುದ್ಧತೆಯ ಆಂಪ್ ಕೊಳ್ಳೋದು ಹರಕು ಫೋಟೋಗೆ ಚಿನ್ನದ ಚೌಕಟ್ಟು ಹಾಕಿದ ಹಾಗೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಹೆಡ್‌ಫೋನನ್ನೂ ಓ2ವನ್ನೂ ದಾವಣಗೆರೆಗೆ ಒಯ್ದಿದ್ದೆ. ಅಪ್ಪಾಜಿ ಹಿಡಿದಿಟ್ಟ ಕ್ಯಾಸೆಟ್ಟನ್ನು ಅವರಿಗೇ ಕೇಳಿಸೋಣ ಅಂತ. ಕೂರಿಸಿ, ಹೆಡ್‌ಫೋನು ಹಾಕಿ, ವಾಲ್ಯೂಮು ಹದ ಮಾಡಿದೆ. ಕಣ್ಣು ಮುಚ್ಚಿ ಐದು ನಿಮಿಷ ಕೇಳಿದ್ರು, ಬೆರಳು ತೊಡೆಯ ಮೇಲೆ ತಾಳ ಹಾಕ್ತಿತ್ತು. ಆಮೇಲೆ ಒಂದು ಕಡೆಯ ಬಟ್ಟಲು ಎತ್ತಿ ಹಿಡಿದು ಕೇಳಿದ್ರು: "ತಂಬೂರಿ ಇಲ್ಲೇನೋ ಇದ್ರಾಗೆ?"

ತಂಬೂರಿ ಇತ್ತು. ಎರಡು ತಂಬೂರಿ, ಮೊದಲಿಂದ ಕೊನೆವರೆಗೆ. ಆ ಟೇಪಿನಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸೋದೇ ಅದು.

ಅಪ್ಪಾಜಿ ಇಪ್ಪತ್ತೆಂಟು ವರ್ಷ ಕಾಟನ್ ಮಿಲ್ಲಿನಲ್ಲಿದ್ದವರು, ಲೂಮ್‌ಗಳ ನಡುವೆ. ಕಿವಿಗೆ ಹತ್ತಿ ಇಟ್ಕೊಂಡೇ ಇರ್ತಿದ್ರು, ಹತ್ತಿಗೇನು ಬರ ಅಲ್ಲಿ. ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಕಳಕೊಳ್ಳೋದು 4000 ಹರ್ಟ್ಜಿನ ಸುತ್ತಲಿನದ್ದನ್ನು. ಕಿವಿಯ ಡಾಕ್ಟರು ಗೆರೆ ಎಳೆದು ಕೊಟ್ಟ ಚಾರ್ಟಿನಲ್ಲಿ ಅಪ್ಪಾಜಿಯದ್ದು ಅಲ್ಲೇ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ತಂಬೂರಿಯ ಜೀವಾಳಿ, ಆ ಝೇಂಕಾರ, ಅದರ ಮಿನುಗೆಲ್ಲ ಇರೋದು ಆ ಮೇಲಿನ ಸ್ವರಾಂಶಗಳಲ್ಲೇ. ಹಾಡೋ ದನಿ ಕೆಳಗಿರೋದ್ರಿಂದ ಅದು ಉಳಿದಿದೆ. ನಾನು ವಾಲ್ಯೂಮು ಇನ್ನೆರಡು ಚೂರು ಏರಿಸಿದೆ. ಗಾಯನ ಜೋರಾಯ್ತು ಅಂದ್ರು, ತಂಬೂರಿ ಬರಲಿಲ್ಲ. ಎಚ್‌ಇ-6 ಓಡಿಸೋ ಆಂಪು ತಂದಿದ್ರೂ ಬರ್ತಿರಲಿಲ್ಲ.

"ಇರ್ಲಿ ಬಿಡು, ನಂಗೊತ್ತು ಅದೆಂಗಿರ್ತದೆ ಅಂತ" ಅಂದು ಮತ್ತೆ ಕಣ್ಣು ಮುಚ್ಚಿದ್ರು.

ಆವತ್ತಿನಿಂದ ನಾನು ಆಂಪಿನ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಿದ್ದೀನಿ. ಅಪ್ಪಾಜಿಗೆ ಲೂಮಿನ ಸದ್ದು ಕೂಲಿಯ ಜೊತೆ ಬಂದದ್ದು, ಅವರ ಕೈಲಿ ಅದರ ತಿರುಪು ಇರಲಿಲ್ಲ. ನಮ್ಮ ಕೈಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರ ಕಿವಿಗೆ ವಾರಕ್ಕೆ 80 ಡೆಸಿಬಲ್ 40 ಗಂಟೆ, ಅಷ್ಟೇ ಪಡಿ. ಮೂರು ಡೆಸಿಬಲ್ ಏರಿದಂತೆಲ್ಲ ಗಂಟೆ ಅರ್ಧಕ್ಕಿಳಿಯುತ್ತೆ: 83ಕ್ಕೆ 20 ಗಂಟೆ, 86ಕ್ಕೆ ಹತ್ತು, 89ಕ್ಕೆ ಐದು. ಆಗಲೇ ಹೇಳಿದ ಸಿನಿಮಾ ಹಾಡಿನ 86 ನೆನಪಿದೆಯಾ? ಫೋನು ಪೂರ್ತಿ ಏರಿಸಿ ದಿನಕ್ಕೆ ಎಂಟು ಗಂಟೆ ಕೋಡ್ ಬರೆಯುತ್ತಾ ಕೇಳೋರು ಮಂಗಳವಾರ ಬೆಳಿಗ್ಗೆಗೇ ವಾರದ ಪಡಿ ಮುಗಿಸಿರ್ತಾರೆ. ಹೊರಗಿನ ಸದ್ದು ಒಳಗೆ ಬಿಡೋ ಹೆಡ್‌ಫೋನ್ ಹಾಕಿಕೊಂಡು ಗದ್ದಲದಲ್ಲಿ ಕೂತ್ರೆ ಕೈ ತಾನಾಗೇ ತಿರುಪಿನ ಕಡೆ ಹೋಗುತ್ತೆ. ಅಂಥವರಿಗೆ ಬೇಕಾದ್ದು ಆಂಪಲ್ಲ, ಹೊರಗಿನ ಸದ್ದು ತಡೆಯೋ ಹೆಡ್‌ಫೋನು.

ಹಾಗಾಗಿ ಯಾರಾದ್ರೂ ಯಾವ ಆಂಪ್ ತಗೊಳ್ಳಲಿ ಅಂತ ಕೇಳಿದ್ರೆ ನಾನು ತಿರುಗಿ ಕೇಳೋದಿಷ್ಟು. ನೀವು ಕೇಳೋದ್ರಲ್ಲಿ ಅತಿ ಮೆಲ್ಲಗಿನ ರೆಕಾರ್ಡಿಂಗ್ ಯಾವುದು? ಅದನ್ನು ಈಗಿರೋ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಹಾಕಿ. ವಾಲ್ಯೂಮು ಪೂರ್ತಿ ಆಗೋ ಮೊದಲೇ ಸಾಕೆನಿಸಿದ್ರೆ ಆಂಪ್ ಬೇಡ. ಸಾಲದು ಅನಿಸಿದ್ರೆ, ಮತ್ತು ಕೋಣೆ ನಿಶ್ಶಬ್ದವಾಗಿದ್ದೂ ಸಾಲದು ಅನಿಸಿದ್ರೆ, ಬೇಕು. ಆಮೇಲೆ ಹೆಡ್‌ಫೋನಿನ ಓಮ್ ನೋಡಿ. ಜಾಸ್ತಿ ಇದ್ರೆ ವೋಲ್ಟೇಜು ಕೊಡೋ ಸಣ್ಣ ಆಂಪು ಸಾಕು. ಓಮೂ ಸೆನ್ಸಿಟಿವಿಟಿಯೂ ಎರಡೂ ಕಡಿಮೆ ಇರೋ ಪ್ಲೇನಾರ್ ಆದ್ರೆ ಕರೆಂಟು ಕೊಡೋದು ಬೇಕು, ಆ ಓಮಿಗೆ ಎಷ್ಟು ಮಿಲಿವ್ಯಾಟ್ ಅಂತ ಕಂಪನಿ ಬರೆದಿರೋದನ್ನು ಓದಿ. ಔಟ್‌ಪುಟ್ ಇಂಪೀಡೆನ್ಸ್ ಎಂಟನೇ ಒಂದು ಭಾಗದೊಳಗಿರಲಿ, ಬಣ್ಣ ಬೇಕು ಅಂತ ಗೊತ್ತಿದ್ದೇ ಆರಿಸಿದ್ರೆ ಬೇರೆ ಮಾತು. ಅಮೆರಿಕದಿಂದ ಯಾರಾದ್ರೂ ತಂದುಕೊಡ್ತಾರೆ ಅಂದ್ರೆ ಅಡಾಪ್ಟರಿನ ಮೇಲೆ 120 ವೋಲ್ಟ್ ಅಂತಿದೆಯಾ ನೋಡಿ. ಇದ್ರೆ ನಮ್ಮ 230ಕ್ಕೆ ಸಿಕ್ಕಿಸಿದ ಕ್ಷಣವೇ ಹೊಗೆ. ಲ್ಯಾಪ್‌ಟಾಪಿಗೆ ಜೋಡಿಸಿದಾಗ ಗುಂಯ್ ಅಂತ ಸದ್ದು ಬಂದ್ರೆ ಆಂಪನ್ನು ಬೈಯೋ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಎಷ್ಟೋ ಸಲ ತಪ್ಪು ಅರ್ತಿಂಗಿನದ್ದು.

ಮತ್ತೆ, ವಾಪಸ್ ತಗೊಳ್ಳೋ ಅಂಗಡಿಯಿಂದಲೇ ಕೊಳ್ಳಿ. ಮನೆಗೆ ತಂದು ಎರಡು ವಾರ ನಿಮ್ಮ ಹಾಡನ್ನೇ ಕೇಳಿ, ಅಂಗಡಿಯವರು ಕೇಳಿಸೋ ಇಂಗ್ಲಿಷ್ ಜಾಜ್ ಅಲ್ಲ. ಎರಡು ವಾರ ಆಗೋ ಹೊತ್ತಿಗೆ ಮೇಜಿನ ಮೇಲೆ ಒಂದು ಆಂಪ್ ಇದೆ ಅನ್ನೋದೇ ಮರೆತುಹೋಗಿದ್ರೆ ಇಟ್ಕೊಳ್ಳಿ. ಇನ್ನೂ ಅದನ್ನೇ ನೋಡ್ತಾ ಕೂತಿದ್ರೆ ವಾಪಸ್ ಕೊಟ್ಟುಬಿಡಿ.